ಗೊತ್ತಿದ್ದ ಉತ್ತರ ಬಾಯಿಗೇ ಬರಲಿಲ್ಲ: ಸಂದರ್ಶನದಲ್ಲಿ ತಲೆ ಖಾಲಿಯಾದರೆ ಏನು ಮಾಡುವುದು?

ಮಲೆನಾಡಿನ ಮಳೆ · ಭಾನುವಾರ, ರಾತ್ರಿ 10:20

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯವಳು ನಾನು. ಬ್ಯಾಂಕ್ ಅಧಿಕಾರಿ ಹುದ್ದೆಯ ಪ್ರಾಥಮಿಕ ಪರೀಕ್ಷೆ, ಮುಖ್ಯ ಪರೀಕ್ಷೆ ಎರಡನ್ನೂ ದಾಟಿ ಕಳೆದ ಬುಧವಾರ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಹೋಗಿದ್ದೆ. ಅಂದಿನಿಂದ ನಿದ್ದೆ ಸರಿಯಾಗಿ ಬಂದಿಲ್ಲ. ಮನೆಯಲ್ಲಿ ‘ಪರವಾಗಿಲ್ಲ, ಆಯಿತು’ ಎಂದಷ್ಟೇ ಹೇಳಿದ್ದೇನೆ.

ಐದು ಜನ ಕುಳಿತಿದ್ದರು. ಮೊದಲ ಎರಡು ಪ್ರಶ್ನೆಗಳಿಗೆ ಸರಾಗವಾಗಿ ಉತ್ತರಿಸಿದೆ. ಆಮೇಲೆ ಮಧ್ಯದಲ್ಲಿದ್ದವರು ನನ್ನ ಅರ್ಜಿಯನ್ನು ನೋಡಿ, ಇಂಗ್ಲಿಷಿನಲ್ಲಿ, ‘ಶಿವಮೊಗ್ಗ ಜಿಲ್ಲೆಯವರಲ್ಲವೇ? ಶರಾವತಿ ನದಿ ಎಲ್ಲಿ ಹುಟ್ಟುತ್ತದೆ?’ ಎಂದು ಕೇಳಿದರು. ನನಗೆ ನೆರವಾಗಲೆಂದೇ ಕೇಳಿದ ಸುಲಭದ ಪ್ರಶ್ನೆ ಅದು. ಅಂಬುತೀರ್ಥ ನಮ್ಮ ತಾಲ್ಲೂಕಿನಲ್ಲೇ ಇದೆ. ರಾಮ ಬಾಣ ಬಿಟ್ಟಾಗ ಅಲ್ಲಿ ನೀರು ಚಿಮ್ಮಿತಂತೆ, ಅಂಬು ಎಂದರೆ ಬಾಣ ಎಂದು ಅಜ್ಜಿ ನೂರು ಸಲ ಹೇಳಿದ್ದಾರೆ. ಆ ಹೆಸರು ಮಾತ್ರ ಬರಲಿಲ್ಲ. ಕೊಳ ಕಣ್ಣಿಗೆ ಕಾಣುತ್ತಿತ್ತು, ಮೆಟ್ಟಿಲಿನ ಪಾಚಿ ಕಾಣುತ್ತಿತ್ತು. ಹೆಸರಿರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ನನ್ನ ಎದುರಿಗಿದ್ದ ನೀರಿನ ಲೋಟದ ಮೇಲೆ ಕಾಗದದ ದುಂಡು ಮುಚ್ಚಳವಿತ್ತು. ಅದರ ಒಂದು ಅಂಚು ನೀರು ಕುಡಿದು ಮೇಲಕ್ಕೆ ಸುರುಳಿಯಾಗಿತ್ತು. ಅದನ್ನೇ ನೋಡುತ್ತಾ ಕುಳಿತೆ. ಮೂರು ಸಲ ‘ಸಾರಿ ಸರ್’ ಎಂದೆ.

ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ಪ್ರಶ್ನೆ: ಸಾಲ ಯಾವಾಗ ಅನುತ್ಪಾದಕ ಆಸ್ತಿಯಾಗುತ್ತದೆ? ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಎಂಬುದನ್ನು ನಾನೇ ಇಬ್ಬರು ಗೆಳತಿಯರಿಗೆ ಹೇಳಿಕೊಟ್ಟಿದ್ದೆ. ಅದೂ ಹೊರಡಲಿಲ್ಲ. ಹೊರಗೆ ಬಂದು ರಸ್ತೆಯಾಚೆಯ ಅಂಗಡಿಯಲ್ಲಿ ಚಹಾ ಹಿಡಿದು ಒಂದು ಗುಟುಕು ಕುಡಿದೆ ಅಷ್ಟೇ, ‘ಅಂಬುತೀರ್ಥ’ ಎಂದು ಯಾರೋ ಕಿವಿಯಲ್ಲಿ ಹೇಳಿದ ಹಾಗಾಯಿತು. ಅಲ್ಲೇ ಅತ್ತುಬಿಟ್ಟೆ.

ಇನ್ನು ಮೂರು ವಾರಕ್ಕೆ ಮತ್ತೊಂದು ಸಂದರ್ಶನವಿದೆ. ಓದುವುದಕ್ಕೆ ನನಗೆ ಬೇಸರವಿಲ್ಲ. ಆದರೆ ಓದಿದ್ದು ಬಾಯಿಗೆ ಬರದಿದ್ದರೆ ಏನು ಮಾಡಲಿ? ಹೀಗೆ ಆದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಸಪ್ತಾಪುರದ ಕೋಣೆ · ಭಾನುವಾರ, ರಾತ್ರಿ 10:52

ಅಕ್ಕಾ, ಧಾರವಾಡದಲ್ಲಿ ಕುಳಿತು ಓದುತ್ತಿರುವವನು ನಾನು. ಮೊದಲು ಲೆಕ್ಕ ನೋಡೋಣ. ನೀವು ಬರೆದದ್ದು ಹಲವು ಸರ್ಕಾರಿ ಬ್ಯಾಂಕುಗಳಿಗೆ ಒಟ್ಟಾಗಿ ನಡೆಯುವ ಐಬಿಪಿಎಸ್ ಪರೀಕ್ಷೆಯಾದರೆ ಸಂದರ್ಶನಕ್ಕೆ 100 ಅಂಕ. ಸಾಮಾನ್ಯ ವರ್ಗದವರು ಅದರಲ್ಲಿ 40 ಪಡೆಯಬೇಕು, ಎಸ್‌ಸಿ, ಎಸ್‌ಟಿ, ಒಬಿಸಿಯವರು ಮತ್ತು ಅಂಗವಿಕಲರು 35. ಅಂತಿಮ ಪಟ್ಟಿಗೆ ಮುಖ್ಯ ಪರೀಕ್ಷೆಯ ಪಾಲು 80, ಸಂದರ್ಶನದ ಪಾಲು 20. ಎರಡು ಪ್ರಶ್ನೆ ತಪ್ಪಿದ ಮಾತ್ರಕ್ಕೆ ಎಲ್ಲವೂ ಕೈತಪ್ಪುವುದಿಲ್ಲ. ಫಲಿತಾಂಶ ಬರುವವರೆಗೆ ಅಳಬೇಡಿ.

ನಮ್ಮ ಕೋಣೆಯಲ್ಲಿ ಎಲ್ಲರೂ ಪಾಲಿಸುವ ನಿಯಮ ಒಂದೇ. ಉತ್ತರ ಬರದಿದ್ದರೆ ತಕ್ಷಣ ‘ಗೊತ್ತಿಲ್ಲ ಸರ್’ ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋಗುವುದು. ತಡವರಿಸಿದಷ್ಟೂ ಕೆಡುತ್ತದೆ.

ನಿವೃತ್ತ ಮ್ಯಾನೇಜರ್ · ಸೋಮವಾರ, ಬೆಳಿಗ್ಗೆ 6:40

ತಮ್ಮಾ, ನಿನ್ನ ಲೆಕ್ಕ ಸರಿ. ನಿಯಮವನ್ನು ಮಾತ್ರ ನಾನು ಒಪ್ಪುವುದಿಲ್ಲ. ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿದವನು ನಾನು. ಸಂದರ್ಶನ ಮಂಡಳಿಗಳಲ್ಲಿ ಮೇಜಿನ ಆ ಬದಿಗೆ ಎಷ್ಟೋ ಸಲ ಕುಳಿತಿದ್ದೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಪ್ರಾಮಾಣಿಕತೆ, ಅದಕ್ಕೆ ನಾವು ಬೆಲೆ ಕೊಡುತ್ತಿದ್ದೆವು. ಈ ತಂಗಿಗೆ ಗೊತ್ತಿತ್ತು. ಗೊತ್ತಿದ್ದವರು ‘ಗೊತ್ತಿಲ್ಲ’ ಎಂದರೆ ಅದು ನಿಜವೂ ಅಲ್ಲ, ಲಾಭವೂ ಇಲ್ಲ. ‘ನೆನಪಾಗುತ್ತಿಲ್ಲ’ ಎನ್ನುವುದು ಬೇರೆಯೇ ಮಾತು.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ರಾಯಚೂರು ಜಿಲ್ಲೆಯವನು, ರೈತರ ಮನೆಯವನು. ತುಂಗಭದ್ರಾ ಎಡದಂಡೆ ಕಾಲುವೆ ಎಲ್ಲಿಂದ ಹೊರಡುತ್ತದೆ ಎಂದು ನಮ್ಮಲ್ಲೊಬ್ಬರು ಕೇಳಿದರು. ಮುನಿರಾಬಾದ್ ಎಂಬ ಹೆಸರು ಅವನಿಗೆ ಹೊಳೆಯಲಿಲ್ಲ. ಮುಖ ಕೆಂಪಾಯಿತು. ಒಂದು ಕ್ಷಣ ಸುಮ್ಮನಿದ್ದು, ‘ಸರ್, ಊರಿನ ಹೆಸರು ಈಗ ನೆನಪಿಗೆ ಬರುತ್ತಿಲ್ಲ. ಕೊಪ್ಪಳ ಜಿಲ್ಲೆಯಲ್ಲಿದೆ, ಅಣೆಕಟ್ಟಿನ ಪಕ್ಕದಲ್ಲೇ, ಹೊಸಪೇಟೆಯ ಆಚೆ ದಡ. ನಮ್ಮ ಹೊಲ ಕಾಲುವೆಯ ಕೊನೆಯ ಭಾಗದಲ್ಲಿದೆ, ನೀರು ನಮ್ಮ ತನಕ ಬರುವಷ್ಟರಲ್ಲಿ ಭತ್ತ ಒಣಗಿರುತ್ತದೆ’ ಎಂದ. ಅಲ್ಲಿಂದ ಮಾತು ಕೊನೆ ಭಾಗದ ರೈತರ ಬೆಳೆ ಸಾಲಕ್ಕೆ ತಿರುಗಿತು. ಹತ್ತು ನಿಮಿಷ ಮಾತಾಡಿದ. ಎದ್ದು ಹೋಗುವಾಗ ಬಾಗಿಲ ಬಳಿ ನಿಂತು ‘ಮುನಿರಾಬಾದ್ ಸರ್’ ಎಂದ! ನಾವೆಲ್ಲರೂ ನಕ್ಕೆವು, ಅವನೂ ನಕ್ಕ. ಅವನಿಗೆ ನಾನು ಕೊಟ್ಟ ಅಂಕ ಆ ದಿನದ ಅತಿ ಹೆಚ್ಚಿನದು.

ತಂಗೀ, ನಿನ್ನ ಕಣ್ಣ ಮುಂದೆ ಕೊಳವಿತ್ತು, ಪಾಚಿಯಿತ್ತು, ಅಜ್ಜಿಯ ಕಥೆಯಿತ್ತು. ಅದನ್ನೇ ಹೇಳಿದ್ದರೆ ಸಾಕಿತ್ತು. ‘ನಮ್ಮ ತಾಲ್ಲೂಕಿನಲ್ಲೇ ಹುಟ್ಟುತ್ತದೆ, ರಾಮ ಬಾಣ ಬಿಟ್ಟ ಜಾಗ ಎನ್ನುತ್ತಾರೆ’ ಎಂದು ಬಾಯಿ ತೆರೆದಿದ್ದರೆ ಹೆಸರು ತಾನಾಗಿ ಬರುತ್ತಿತ್ತೇನೋ. ಬರದಿದ್ದರೂ ಮಂಡಳಿಗೆ ನಿನ್ನ ಊರು ಕಾಣುತ್ತಿತ್ತು.

ಇನ್ನೊಂದು ಮಾತು. ನಿನ್ನನ್ನು ಕೆಡಿಸಿದ್ದು ಶರಾವತಿಯ ಪ್ರಶ್ನೆಯಲ್ಲ. ಅದರ ಹಿಂದಿನಿಂದ ಬಂದ ಪ್ರಶ್ನೆಗೆ ನೀನು ಇನ್ನೂ ಶರಾವತಿಯಲ್ಲೇ ನಿಂತು ಉತ್ತರಿಸಲು ಹೋದೆ. ಮೇಜಿನ ಆ ಬದಿಯಲ್ಲಿ ಕುಳಿತವರು ಹಳೆಯ ಪ್ರಶ್ನೆಯನ್ನು ಆಗಲೇ ಮರೆತಿರುತ್ತಾರೆ. ಮುಂದಿನ ಅಭ್ಯರ್ಥಿಯ ಕಡತ ಅವರ ಕೈಯಲ್ಲಿರುತ್ತದೆ, ಊಟದ ಹೊತ್ತಾಗಿರುತ್ತದೆ.

ಪಾಠದ ಕೋಣೆ · ಸೋಮವಾರ, ಬೆಳಿಗ್ಗೆ 9:15

ಪದವಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳು ಇದೇ ಮಾತನ್ನು ಹೇಳಿಕೊಂಡು ಬರುತ್ತಾರೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರಿಗೆ, ಆರೋಗ್ಯವಂತ ಜನರಲ್ಲಿ ಖಚಿತವಾಗಿ ಒತ್ತಡ ಹುಟ್ಟಿಸುವ ಒಂದು ವಿಧಾನ ಬೇಕಿತ್ತು. ಅವರು ಆರಿಸಿಕೊಂಡದ್ದು ಏನು ಗೊತ್ತೇ? ಉದ್ಯೋಗ ಸಂದರ್ಶನ. ಸ್ವಲ್ಪ ಹೊತ್ತು ತಯಾರಿಗೆ ಕೊಟ್ಟು, ‘ಈ ಕೆಲಸಕ್ಕೆ ನೀವೇ ಏಕೆ ತಕ್ಕವರು’ ಎಂದು ಮಂಡಳಿಯ ಎದುರು 5 ನಿಮಿಷ ಮಾತಾಡಿಸಿದರು. ಮಂಡಳಿಯವರು ನಗಬಾರದು, ತಲೆಯಾಡಿಸಬಾರದು. ಅದಾದ ಮೇಲೆ 1022ರಿಂದ 13 ಕಳೆಯುತ್ತಾ ಹೋಗಬೇಕು, ತಪ್ಪಿದರೆ ಮತ್ತೆ ಮೊದಲಿನಿಂದ. ಎಂಜಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಎರಡರಿಂದ ನಾಲ್ಕು ಪಟ್ಟು ಏರಿತು. ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದಿಗೂ ಇದೇ ವಿಧಾನ ಬಳಕೆಯಲ್ಲಿದೆ. ಅಂದರೆ, ಮಲೆನಾಡಿನ ಮಳೆಯವರೇ, ನೀವು ಕುಳಿತದ್ದು ಒತ್ತಡ ಹುಟ್ಟಿಸಲು ವಿಜ್ಞಾನಿಗಳೇ ಆರಿಸಿಕೊಂಡ ಕುರ್ಚಿಯಲ್ಲಿ. ಅಲ್ಲಿ ಎದೆ ಹೊಡೆದುಕೊಂಡದ್ದು ನಿಮ್ಮ ದೌರ್ಬಲ್ಯವಲ್ಲ. ಈ ಒತ್ತಡ ಕಲಿತದ್ದನ್ನು ಅಳಿಸುವುದಿಲ್ಲ, ಹೊರಗೆ ತೆಗೆಯುವ ದಾರಿಯನ್ನು ಆ ಹೊತ್ತಿಗೆ ಮುಚ್ಚುತ್ತದೆ. ಚಹಾದ ಅಂಗಡಿಯಲ್ಲಿ ಹೆಸರು ತಾನಾಗಿ ಬಂದದ್ದೇ ಇದಕ್ಕೆ ಸಾಕ್ಷಿ.

ಹೆಸರು ನಾಲಿಗೆಯ ತುದಿಯಲ್ಲಿ ನಿಲ್ಲುವುದನ್ನು 1966ರಲ್ಲಿ ಬ್ರೌನ್ ಮತ್ತು ಮೆಕ್‌ನೀಲ್ ಎಂಬ ಇಬ್ಬರು ಪರೀಕ್ಷಿಸಿದರು. ಅಪರೂಪದ ಪದಗಳ ಅರ್ಥವನ್ನು ಓದಿ ಹೇಳಿ, ಪದವನ್ನು ಕೇಳಿದರು. ಪದ ಬಾರದವರಿಗೂ ಅದರ ಮೊದಲ ಅಕ್ಷರ, ಅದು ಎಷ್ಟು ಉದ್ದ ಎಂಬುದು ಎಷ್ಟೋ ಸಲ ಗೊತ್ತಿರುತ್ತಿತ್ತು. ಪದದ ಸುತ್ತಲಿನದೆಲ್ಲ ತೆರೆದಿರುತ್ತದೆ, ನಡುವಿನ ಬಾಗಿಲೊಂದೇ ಮುಚ್ಚಿರುತ್ತದೆ. ಮ್ಯಾನೇಜರ್ ಸರ್ ಅನುಭವದಿಂದ ಹೇಳಿದ್ದು ಇದನ್ನೇ.

ಇನ್ನು ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಬಿದ್ದ ಒಂದು ಪದ: ‘ಇಂಗ್ಲಿಷಿನಲ್ಲಿ’. ಅಂಬುತೀರ್ಥ ನಿಮ್ಮೊಳಗೆ ಅಜ್ಜಿಯ ಕನ್ನಡದಲ್ಲಿದೆ. ಅಮೆರಿಕದಲ್ಲಿ ನೆಲೆಸಿದ್ದ ರಷ್ಯನ್ ಮಾತೃಭಾಷೆಯವರನ್ನು ಮೇರಿಯನ್ ಮತ್ತು ನೈಸರ್ ಎಂಬ ಸಂಶೋಧಕರು ಎರಡೂ ಭಾಷೆಗಳಲ್ಲಿ ಪ್ರಶ್ನಿಸಿದ್ದರು. 2000ದಲ್ಲಿ ಪ್ರಕಟವಾದ ಅಧ್ಯಯನ ಅದು. ರಷ್ಯನ್‌ನಲ್ಲಿ ಕೇಳಿದಾಗ ರಷ್ಯನ್ ಮಾತಾಡುತ್ತಿದ್ದ ದಿನಗಳ ನೆನಪುಗಳು ಹೆಚ್ಚಾಗಿ ಬಂದವು, ಇಂಗ್ಲಿಷಿನಲ್ಲಿ ಕೇಳಿದಾಗ ಇಂಗ್ಲಿಷ್ ದಿನಗಳವು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಇಂಗ್ಲಿಷ್ ಸಂದರ್ಶನದಲ್ಲಿ ತಡವರಿಸಿದಾಗ ‘ಇವರಿಗೆ ವಿಷಯ ಗೊತ್ತಿಲ್ಲ’ ಎಂದು ತೀರ್ಮಾನಿಸುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಕೊನೆಗೆ, ತಯಾರಿಯ ವಿಷಯ. 2016ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 120 ಜನರೊಂದಿಗೆ ಒಂದು ಪ್ರಯೋಗ ನಡೆಸಿದರು. ಕೆಲವರು ಪದಗಳನ್ನು, ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಕಲಿತರು. ಉಳಿದವರು ಒಮ್ಮೆ ನೋಡಿ, ಮುಚ್ಚಿಟ್ಟು, ನೆನಪಿನಿಂದ ಹೇಳುತ್ತಾ ಕಲಿತರು. ಮರುದಿನ ಜನರೆದುರು ಮಾತಾಡಿಸಿ, ಲೆಕ್ಕ ಮಾಡಿಸಿ ಒತ್ತಡಕ್ಕೆ ನೂಕಿದಾಗ ಮೊದಲ ಗುಂಪಿನವರ ನೆನಪು ಕುಸಿಯಿತು. ಎರಡನೆಯ ಗುಂಪಿನವರದು ಕುಸಿಯಲಿಲ್ಲ. ನೀವು ಓದುತ್ತಿರುವುದು ಯಾವ ರೀತಿ ಎಂದು ಒಮ್ಮೆ ಯೋಚಿಸಿ ನೋಡಿ.

ನೀಲಿ ಆಕಾಶ · ಸೋಮವಾರ, ಬೆಳಿಗ್ಗೆ 9:40

ದೀರ್ಘವಾಗಿ ಉಸಿರು ತೆಗೆದುಕೊಳ್ಳಿ. ಧೈರ್ಯವಾಗಿರಿ. ಎಲ್ಲ ಒಳ್ಳೆಯದಾಗುತ್ತದೆ.

ವೈಟ್‌ಫೀಲ್ಡ್ ಬಸ್ · ಸೋಮವಾರ, ಮಧ್ಯಾಹ್ನ 1:10

ನೀಲಿ ಆಕಾಶ ಅವರೇ, ನಿಮ್ಮ ಮನಸ್ಸು ಒಳ್ಳೆಯದು. ಆದರೆ ಐದು ಜನ ಮುಖ ನೋಡುತ್ತಿರುವಾಗ ‘ಧೈರ್ಯವಾಗಿರು’ ಎಂಬುದು ಕೈಗೆ ಸಿಗುವ ಸಾಧನವಲ್ಲ. ಕೈಗೆ ಏನಾದರೂ ಕೆಲಸ ಬೇಕು.

ಸಾಫ್ಟ್‌ವೇರ್ ಕಂಪನಿಗಳ ಸಂದರ್ಶನದಲ್ಲಿ ಪರದೆಯ ಮೇಲೆ ಬರೆಯುತ್ತಾ ಉತ್ತರಿಸಬೇಕು, ನಾವು ಒತ್ತುವ ಪ್ರತಿ ಅಕ್ಷರವೂ ಎದುರಿನವರಿಗೆ ಕಾಣುತ್ತಿರುತ್ತದೆ. ಒಮ್ಮೆ ಒಂದು ಕಂಪನಿಯಲ್ಲಿ, ಒಂದಕ್ಕೊಂದು ಕೊಂಡಿ ಹಾಕಿದ ಅಂಶಗಳ ಪಟ್ಟಿಯನ್ನು (ಲಿಂಕ್ಡ್ ಲಿಸ್ಟ್) ತಿರುವಿ ಹಾಕುವ ಅತಿ ಸಾಮಾನ್ಯ ಲೆಕ್ಕಕ್ಕೆ ನಾನು 7 ನಿಮಿಷ ಖಾಲಿ ಪರದೆ ನೋಡುತ್ತಾ ಕುಳಿತಿದ್ದೆ. ಎದುರಿನವರು ಒಂದೂ ಮಾತಾಡಲಿಲ್ಲ. ಕೆಲಸ ಸಿಗಲಿಲ್ಲ.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಪ್ರಶ್ನೆ ಬಂದ ಕೂಡಲೇ ಅದನ್ನು ನನ್ನ ಮಾತಿನಲ್ಲಿ ಬರೆದುಕೊಳ್ಳುತ್ತೇನೆ. ಕೆಳಗೆ ಮೂರೇ ಅಂಶಗಳಿರುವ ಒಂದು ಸಣ್ಣ ಉದಾಹರಣೆ ಬರೆದು, ಕೈಯಿಂದ ಬಿಡಿಸುತ್ತೇನೆ, ಬಿಡಿಸುವುದನ್ನು ಬಾಯಲ್ಲೂ ಹೇಳುತ್ತೇನೆ. ಬುದ್ಧಿ ಓಡದಿದ್ದರೂ ಇಷ್ಟನ್ನು ಕೈ ಮಾಡುತ್ತದೆ. ಅಷ್ಟರಲ್ಲಿ ಬುದ್ಧಿ ಮರಳುತ್ತದೆ. ಬ್ಯಾಂಕ್ ಸಂದರ್ಶನದಲ್ಲಿ ಪರದೆ ಇರುವುದಿಲ್ಲ, ಆದರೆ ಪ್ರಶ್ನೆಯನ್ನು ಮತ್ತೊಮ್ಮೆ ನಿಮ್ಮ ಮಾತಿನಲ್ಲಿ ಹೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಪಾಠದ ಕೋಣೆ · ಸೋಮವಾರ, ಮಧ್ಯಾಹ್ನ 2:05

ಉಸಿರಿನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದನ್ನು ನಿಧಾನ ಮಾಡಿ. ಉಸಿರು ಬಿಡುವಾಗ ಹೃದಯದ ಬಡಿತ ಇಳಿಯುತ್ತದೆ. ಒಂದು ಉಸಿರು ಸಾಕು, ಮಂಡಳಿಗೆ ಗೊತ್ತೂ ಆಗುವುದಿಲ್ಲ.

ಬೀರೂರು ಜಂಕ್ಷನ್ · ಸೋಮವಾರ, ರಾತ್ರಿ 8:30

ನನ್ನ ತಮ್ಮನ ಗೆಳೆಯನೊಬ್ಬ ಸಂದರ್ಶನಕ್ಕೆ ಒಂದು ಗಂಟೆ ಮುಂಚೆ ಕೈನಡುಕ ನಿಲ್ಲಿಸುವ ಮಾತ್ರೆ ನುಂಗುತ್ತಾನೆ. ಪ್ರೊಪ್ರನೊಲೋಲ್ ಎಂದೇನೋ ಹೆಸರು. ನನ್ನ ತಮ್ಮನೂ ತೆಗೆದುಕೊಳ್ಳುತ್ತೇನೆ ಎನ್ನುತ್ತಿದ್ದಾನೆ. ತೊಂದರೆ ಇದೆಯೇ?

ರಾತ್ರಿ ಪಾಳಿ · ಸೋಮವಾರ, ರಾತ್ರಿ 11:48

ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ. ದಯವಿಟ್ಟು ತಮ್ಮನನ್ನು ತಡೆಯಿರಿ. ಅದು ಹೃದಯದ ಬಡಿತವನ್ನು, ರಕ್ತದೊತ್ತಡವನ್ನು ಇಳಿಸುವ ಔಷಧ. ಅಸ್ತಮಾ ಇದ್ದವರಿಗೆ ಉಸಿರೇ ಕಟ್ಟಬಹುದು. ಮೊದಲೇ ರಕ್ತದೊತ್ತಡ ಕಡಿಮೆ ಇದ್ದರೆ ತಲೆ ಸುತ್ತಿ ಬೀಳಬಹುದು. ವೈದ್ಯರು ಪರೀಕ್ಷಿಸಿ ಬರೆದುಕೊಟ್ಟರೆ ಮಾತು ಬೇರೆ, ಗೆಳೆಯನ ಜೇಬಿನಿಂದ ಬೇಡ. ಸಂದರ್ಶನದ ಭಯ ಊಟ, ನಿದ್ದೆ, ದಿನದ ಕೆಲಸಗಳನ್ನೂ ಕೆಡಿಸುವಷ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಲಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಲೆನಾಡಿನ ಮಳೆ, ನಿದ್ದೆ ಬಂದಿಲ್ಲ ಎಂದು ನೀವೂ ಬರೆದಿದ್ದೀರಿ. ಮನೆಯಲ್ಲಿ ಒಬ್ಬರಿಗಾದರೂ ನಡೆದದ್ದನ್ನು ಹೇಳಿಬಿಡಿ.

ಚೆಂಡೆ ಮದ್ದಳೆ · ಮಂಗಳವಾರ, ಬೆಳಿಗ್ಗೆ 7:20

ನಾನು ಉಡುಪಿ ಕಡೆಯವನು, ಹವ್ಯಾಸಕ್ಕೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತೇನೆ. ಯಕ್ಷಗಾನದ್ದೇ ಒಂದು ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ ಹಾಡುತ್ತಾರೆ, ಅದರ ಅರ್ಥವನ್ನು ನಾವು ಆ ಕ್ಷಣಕ್ಕೆ ಕಟ್ಟಿ ಹೇಳಬೇಕು. ಎದುರಿನ ಅರ್ಥಧಾರಿ ಯಾವ ಪ್ರಶ್ನೆ ಎಸೆಯುತ್ತಾರೋ ಗೊತ್ತಿಲ್ಲ. ಸಭೆ ನೋಡುತ್ತಿರುತ್ತದೆ. ಸಂದರ್ಶನಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಒಮ್ಮೆ ಕರ್ಣನ ಅರ್ಥ ಹೇಳುವಾಗ ಎದುರಿನ ಕೃಷ್ಣ ಕೇಳಿದ ಒಂದು ಮಾತಿಗೆ ನನ್ನ ಬಾಯಿ ಕಟ್ಟಿತು. ನಮ್ಮ ಹಿರಿಯರು ಕಲಿಸಿದ ಪಾಠ ಆಗ ನೆನಪಾಯಿತು: ಮಾತು ತಪ್ಪಿದರೆ ಪದಕ್ಕೆ ಹಿಂತಿರುಗು. ಭಾಗವತರು ಹಾಡಿದ ಪದದ ಮೊದಲ ಶಬ್ದವನ್ನು ಹಿಡಿದು, ಅದನ್ನೇ ನಿಧಾನವಾಗಿ ಉಚ್ಚರಿಸಿ, ಅದರ ಅರ್ಥ ಬಿಡಿಸತೊಡಗಿದೆ. ಎರಡನೆಯ ವಾಕ್ಯಕ್ಕೆ ಕರ್ಣ ಮರಳಿದ. ನಾನು ಬಾಯಿ ಕಟ್ಟಿ ನಿಂತದ್ದನ್ನು ಸಭೆ ಕರ್ಣನ ದುಃಖ ಎಂದು ತಿಳಿದಿತ್ತಂತೆ. ನಮಗೆ ಯುಗವೆನಿಸುವ ಮೌನ ಕೇಳುವವರಿಗೆ ಎರಡು ಕ್ಷಣವೂ ಇರುವುದಿಲ್ಲ.

ಪ್ರಶ್ನೆಯೇ ನಿಮ್ಮ ಪದ. ‘ಶರಾವತಿ’ ಎಂಬ ಹೆಸರಿನಲ್ಲೇ ಶರವಿದೆ, ಶರ ಎಂದರೆ ಬಾಣ, ಅಂಬು ಎಂದರೂ ಬಾಣ. ಉತ್ತರ ಪ್ರಶ್ನೆಯೊಳಗೇ ಕುಳಿತಿತ್ತು ತಂಗೀ.

ಮಲೆನಾಡಿನ ಮಳೆ · ಮಂಗಳವಾರ, ರಾತ್ರಿ 9:35

ಎಲ್ಲರ ಮಾತುಗಳನ್ನೂ ಎರಡೆರಡು ಸಲ ಓದಿದೆ. ಚೆಂಡೆ ಮದ್ದಳೆಯವರು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಶರ, ಅಂಬು. ಇಷ್ಟು ವರ್ಷ ಎರಡೂ ಹೆಸರುಗಳನ್ನು ಹೇಳುತ್ತಾ ಬಂದವಳಿಗೆ ಇದು ಹೊಳೆದಿರಲೇ ಇಲ್ಲ.

ರಾತ್ರಿ ಪಾಳಿಯವರು ಹೇಳಿದಂತೆ ಮಾಡಿದೆ. ಅಡಿಕೆ ಸುಲಿಯುತ್ತಾ ಕುಳಿತಾಗ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಮೆಟ್ಟುಗತ್ತಿಯಿಂದ ಕೈ ತೆಗೆದು, ‘ಇದನ್ನು ಬುಧವಾರವೇ ಹೇಳಬಾರದಿತ್ತೇ’ ಎಂದರು ಅಷ್ಟೇ. ಇವತ್ತು ಮಧ್ಯಾಹ್ನ ಮಲಗಿದಾಗ ನಿದ್ದೆ ಬಂತು.

ಪಾಠದ ಕೋಣೆಯವರು ಕೇಳಿದ ಪ್ರಶ್ನೆಗೆ ಉತ್ತರ: ನಾನು ಓದುವುದು ಮೊದಲ ಗುಂಪಿನವರ ಹಾಗೆಯೇ. ಒಂದೇ ಟಿಪ್ಪಣಿ ಪುಸ್ತಕವನ್ನು ಹದಿನೈದು ಸಲ ಓದಿದ್ದೇನೆ, ಗೆರೆ ಎಳೆಯದ ಸಾಲೇ ಉಳಿದಿಲ್ಲ. ಒಂದು ದಿನವೂ ಪುಸ್ತಕ ಮುಚ್ಚಿ ಜೋರಾಗಿ ಉತ್ತರ ಹೇಳಿಲ್ಲ, ಇಂಗ್ಲಿಷಿನಲ್ಲಂತೂ ಇಲ್ಲವೇ ಇಲ್ಲ. ಇವತ್ತು ಸಂಜೆ ತಮ್ಮನನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳಿಸಿದೆ. ಅವನ ಎದುರಿಗೂ ಆರನೆಯ ಪ್ರಶ್ನೆಗೆ ಮಾತು ನಿಂತಿತು! ಆದರೆ ಈ ಸಲ ‘ಪದ ನೆನಪಾಗುತ್ತಿಲ್ಲ, ವಿಷಯ ಹೇಳುತ್ತೇನೆ’ ಎಂದು ಹೇಳಿ ಮುಂದುವರಿಸಿದೆ. ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಚೀಟಿಗೆ ಬರೆದು ಬಾಯಿಪಾಠ ಮಾಡಿಕೊಂಡಿದ್ದೇನೆ. ಉಳಿದದ್ದೆಲ್ಲ ಮರೆತರೂ ಅದೊಂದು ಬರಲಿ ಎಂದು.

ತಮ್ಮ ಪಿಯುಸಿ ಹುಡುಗ, ನಗು ತಡೆಯುವುದಿಲ್ಲ. ಮುಖ ಗಂಟಿಕ್ಕಿಕೊಂಡು ಕೇಳುವವರು ಬೇಕು. ಯಾರಾದರೂ ದಿನಕ್ಕೆ ಹದಿನೈದು ನಿಮಿಷ ಫೋನಿನಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬಲ್ಲಿರಾ? ಗುರುತಿಲ್ಲದ ದನಿಯಾದರೆ ಇನ್ನೂ ಒಳ್ಳೆಯದು.

ಸಪ್ತಾಪುರದ ಕೋಣೆ · ಮಂಗಳವಾರ, ರಾತ್ರಿ 9:50

ನಮ್ಮ ಕೋಣೆಯಲ್ಲಿ ನಾಲ್ವರಿದ್ದೇವೆ. ನಾಲ್ವರೂ ಸೇರಿ ಮಂಡಳಿಯಾಗುತ್ತೇವೆ ಅಕ್ಕಾ. ಆಮೇಲೆ ನೀವೂ ನಮ್ಮನ್ನು ಕೇಳಬೇಕು, ನಮಗೂ ಅಭ್ಯಾಸ ಬೇಕು. ‘ಗೊತ್ತಿಲ್ಲ ಸರ್’ ಎಂಬ ನಿಯಮವನ್ನು ಗೋಡೆಯಿಂದ ಅಳಿಸಿದ್ದೇವೆ. ನಮ್ಮಲ್ಲೊಬ್ಬ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದಾನೆ. ಅಲ್ಲಿ ಸಂದರ್ಶನವನ್ನೂ ಕನ್ನಡದಲ್ಲೇ ಎದುರಿಸಬಹುದು, ಒಟ್ಟು 2025 ಅಂಕಗಳಲ್ಲಿ 275 ಅದಕ್ಕೆ. ಅವನನ್ನು ಕನ್ನಡದಲ್ಲಿ ಕೇಳಿ, ನಮ್ಮನ್ನು ಇಂಗ್ಲಿಷಿನಲ್ಲಿ.

ನಿವೃತ್ತ ಮ್ಯಾನೇಜರ್ · ಬುಧವಾರ, ಬೆಳಿಗ್ಗೆ 6:15

ನಾನೂ ಬರುತ್ತೇನೆ. ಮುಖ ಗಂಟಿಕ್ಕುವುದು ನನಗೆ ಚೆನ್ನಾಗಿ ಬರುತ್ತದೆ ಎಂದು ಮನೆಯವರು ಹೇಳುತ್ತಾರೆ. ನನ್ನ ದನಿಯೂ ಗಡಸು. ನಿನ್ನ ಮಾತು ನಿಂತರೆ ಸಹಾಯ ಮಾಡುವುದಿಲ್ಲ, ಕಾಯುತ್ತೇನೆ. ಅದಕ್ಕೆ ಸಿದ್ಧಳಿದ್ದರೆ ಸಮಯ ಹೇಳು.

ಮಲೆನಾಡಿನ ಮಳೆ · ಬುಧವಾರ, ಬೆಳಿಗ್ಗೆ 7:05

ಸಿದ್ಧಳಿದ್ದೇನೆ ಸರ್. ರಾತ್ರಿ 9 ಗಂಟೆಗೆ. ನಮ್ಮ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ, ಅಂಗಳದ ತುದಿಯ ಹಲಸಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮಳೆ ಬಂದರೆ ಐದು ನಿಮಿಷ ತಡವಾಗಬಹುದು.

ಮೊದಲ ಪ್ರಶ್ನೆ ಶರಾವತಿಯದೇ ಇರಲಿ.